ಬಾಗಿಲು ತೆರೆದಿದೆ ಎಂದರೆ ಸಾಕೇ?

(ನಾಗಪುರದ ಕನ್ನಡಿಗರ ಮುಂದೆ ನೀಡಿದ ದತ್ತಿ ಉಪನ್ಯಾಸದ ಪಠ್ಯ)



1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಹೋದ ಮಹಾರ ಸಮುದಾಯದ ಹುಡುಗನೊಬ್ಬನನ್ನು ಒಳಗೆ ಬಿಡಲಿಲ್ಲ. ಅವನು ಸುಮ್ಮನಾಗಲಿಲ್ಲ, ಮುಂಬಯಿ ಸರ್ಕಾರಕ್ಕೇ ಅರ್ಜಿ ಬರೆದ. ಸರ್ಕಾರ ಕೊಟ್ಟ ಉತ್ತರವನ್ನು ಇವತ್ತಿಗೂ ಓದಬೇಕು. ನ್ಯಾಯ ಅರ್ಜಿದಾರನ ಕಡೆಗಿದೆ ಎಂದು ಅದು ಒಪ್ಪಿಕೊಂಡಿತು. ಆದರೆ ಒಬ್ಬ ಹುಡುಗನಿಗಾಗಿ ತಲೆತಲಾಂತರದ ನಂಬಿಕೆಯನ್ನು ಎದುರುಹಾಕಿಕೊಂಡರೆ ಶಾಲೆಯಿಂದ ಉಳಿದವರಿಗೂ ಪ್ರಯೋಜನವಾಗದೆ ಹೋದೀತು ಎಂದು ಕೈಚೆಲ್ಲಿತು. ವಿಷಯ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರವರೆಗೆ ಹೋಯಿತು. ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ಸೇರಿದವು ಎಂದು ಅವರು ಬರೆದರು. 1858ರಲ್ಲಿ ಮುಂಬಯಿ ಸರ್ಕಾರವೂ ಪ್ರಕಟಣೆ ಹೊರಡಿಸಿತು: ಪೂರ್ತಿ ಸರ್ಕಾರದ ಖರ್ಚಿನಲ್ಲಿ ನಡೆಯುವ ಶಾಲೆಗಳು ಭೇದವಿಲ್ಲದೆ ಎಲ್ಲರಿಗೂ ತೆರೆದಿರುತ್ತವೆ.

ಇಷ್ಟೆಲ್ಲ ಆದಮೇಲೂ 1882ರ ಹಂಟರ್ ಶಿಕ್ಷಣ ಆಯೋಗ ಜಾತಿಯ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸಬಾರದು ಎಂಬ ಅದೇ ಮಾತನ್ನು ಮತ್ತೆ ಬರೆಯಬೇಕಾಯಿತು. ಇದನ್ನು ಜಾರಿಗೆ ತರುವಾಗ ಎಚ್ಚರವಿರಲಿ ಎಂಬ ಬಾಲವನ್ನೂ ಸೇರಿಸಿತು. ಧಾರವಾಡದಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳು ಉಳಿದುಕೊಂಡು ಹೈಸ್ಕೂಲು ಓದುವ ಅನುಕೂಲ ಆದದ್ದು ಬಾಬಾಸಾಹೇಬ ಅಂಬೇಡ್ಕರರು 1928ರಲ್ಲಿ ಕಟ್ಟಿದ ದಲಿತ ವರ್ಗಗಳ ಶಿಕ್ಷಣ ಸಂಸ್ಥೆ ಅಲ್ಲೊಂದು ವಸತಿನಿಲಯ ತೆರೆದಾಗ. ಬಾಗಿಲು ತೆರೆದಿದೆ ಎಂಬ ಮಾತಿಗೂ ಆ ಊರಲ್ಲಿ ಮಲಗಲು ಒಂದು ಜಾಗ, ಉಣ್ಣಲು ಒಂದು ತಟ್ಟೆ ಸಿಕ್ಕಿದ್ದಕ್ಕೂ ನಡುವೆ ಎಪ್ಪತ್ತು ವರ್ಷ ಕಳೆದಿತ್ತು.

ನಾನು ಇವತ್ತು ಮಾತಾಡಬೇಕೆಂದಿರುವುದು ಆ ಎಪ್ಪತ್ತು ವರ್ಷಗಳ ಬಗ್ಗೆ. ಇವತ್ತು ವಿಶ್ವವಿದ್ಯಾಲಯಗಳ ಮಾಹಿತಿ ಪುಸ್ತಕ ತೆರೆದರೆ ಮೊದಲ ಪುಟಗಳಲ್ಲೇ ಜಾತಿ, ಧರ್ಮ, ಲಿಂಗ, ಭಾಷೆಗಳ ಭೇದವಿಲ್ಲ ಎಂಬ ಸಾಲು ಕಾಣುತ್ತದೆ. ಆ ಸಾಲು ಬೇಡ ಎನ್ನುವವನಲ್ಲ ನಾನು. ಧಾರವಾಡದ ಹುಡುಗನ ಅರ್ಜಿ ಇಲ್ಲದಿದ್ದರೆ ಅಂಥ ಸಾಲು ಬರೆಯುವ ಯೋಚನೆಯೂ ಆ ಸರ್ಕಾರಕ್ಕೆ ಬರುತ್ತಿರಲಿಲ್ಲ. ಆದರೆ ಸಂಸ್ಥೆಯೊಂದು ಆ ಸಾಲಿಗಾಗಿ ಏನು ಖರ್ಚು ಮಾಡಿದೆ, ಯಾವ ರೂಢಿಯನ್ನು ಬಿಟ್ಟುಕೊಟ್ಟಿದೆ ಎಂದು ಕೇಳುವ ಹಕ್ಕು ನಮಗಿದೆ. ಈ ಪ್ರಶ್ನೆ ಕೇಳಲು ನಾಗಪುರಕ್ಕಿಂತ ತಕ್ಕ ಊರು ನನಗೆ ಹೊಳೆಯುವುದಿಲ್ಲ.

ಜಾಯಿಬಾಯಿ ಚೌಧರಿ ಎಂಬ ಹೆಣ್ಣುಮಗಳ ಬಗ್ಗೆ ಈ ಊರಿನವರಾದ ನೀವು ಕೇಳಿರಬಹುದು. ಕರ್ನಾಟಕದಲ್ಲಿ ಅವರನ್ನು ಬಲ್ಲವರು ಕಡಿಮೆ. 1892ರಲ್ಲಿ ಉಮರೇಡಿನ ಮಹಾರ ಕುಟುಂಬದಲ್ಲಿ ಹುಟ್ಟಿದರು. ಬರಗಾಲ ಆ ಕುಟುಂಬವನ್ನು ನಾಗಪುರಕ್ಕೆ ತಂದಿತು. ಚಿಕ್ಕವಯಸ್ಸಿಗೇ ಮದುವೆಯಾಯಿತು. ನಾಗಪುರದಿಂದ ಕಾಮಠಿಗೆ ತಲೆಮೇಲೆ ಹೊರೆ ಹೊತ್ತು ನಡೆಯುವ ಕೂಲಿ ಮಾಡಿದರು. ಗ್ರೆಗರಿ ಎಂಬ ಮಿಷನರಿ ಸಿಸ್ಟರ್ ಅವರಿಗೆ ಓದು ಕಲಿಯಲು ನೆರವಾಗಿ, ಮಿಷನ್ ಶಾಲೆಯಲ್ಲಿ ತಿಂಗಳಿಗೆ 4 ರೂಪಾಯಿಯ ಶಿಕ್ಷಕಿಯ ಕೆಲಸ ಕೊಡಿಸಿದರು. ಅಸ್ಪೃಶ್ಯಳೊಬ್ಬಳು ಪಾಠ ಹೇಳುತ್ತಾಳೆ ಎಂದು ತಿಳಿದೊಡನೆ ಮೇಲ್ಜಾತಿಯ ತಾಯ್ತಂದೆಯರು ಮಕ್ಕಳನ್ನು ಬಿಡಿಸಿಕೊಂಡರು, ಕೆಲಸ ಹೋಯಿತು. ಜಾಯಿಬಾಯಿ 1922ರಲ್ಲಿ ತಾವೇ ಸಂತ ಚೋಖಾಮೇಳನ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ನಾಗಪುರ ವಿಶ್ವವಿದ್ಯಾಲಯ ಹುಟ್ಟಿದ್ದು 1923ರಲ್ಲಿ. ಹೊರೆ ಹೊರುತ್ತಿದ್ದ ಹೆಂಗಸಿನ ಶಾಲೆ ವಿಶ್ವವಿದ್ಯಾಲಯಕ್ಕಿಂತ ಒಂದು ವರ್ಷ ಹಿರಿದು ಎಂಬುದನ್ನು ದಯವಿಟ್ಟು ನೆನಪಿಡಿ.

1937ರಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತಿನ ಅಧಿವೇಶನ ಇದೇ ಊರಿನಲ್ಲಿ ಸೇರಿತು. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಹುಟ್ಟಿ, ಅವರ ಹಕ್ಕುಗಳಿಗಾಗಿ ದುಡಿದ ಸಂಸ್ಥೆ ಅದು. ಅಲ್ಲಿಗೆ ಹೋದ ಜಾಯಿಬಾಯಿಯವರನ್ನು ಊಟದ ಹೊತ್ತಿನಲ್ಲಿ ಬೇರೆ ಕೂರಿಸಿ ಅವಮಾನ ಮಾಡಲಾಯಿತು. ವೇದಿಕೆಯ ಮೇಲಿನ ಸಮಾನತೆ ಊಟದ ಪಂಕ್ತಿಯನ್ನು ತಲುಪಲಿಲ್ಲ. ದಲಿತ ಮಹಿಳೆಯರು ಪ್ರತಿಭಟನಾ ಸಭೆ ನಡೆಸಿದರು. 1942ರ ಜುಲೈ 20ರಂದು ನಾಗಪುರದಲ್ಲೇ ಸುಲೋಚನಾಬಾಯಿ ಡೋಂಗರೆಯವರ ಅಧ್ಯಕ್ಷತೆಯಲ್ಲಿ ತಮ್ಮದೇ ಸಮ್ಮೇಳನ ಸೇರಿಸಿದರು. ವಿಚ್ಛೇದನದ ಹಕ್ಕು, ಗಿರಣಿ ಮತ್ತು ಬೀಡಿ ಕೆಲಸದ ಹೆಂಗಸರಿಗೆ ರಜೆ, ಸರ್ಕಾರದ ಖರ್ಚಿನಲ್ಲಿ ಹುಡುಗಿಯರಿಗೆ ಹಾಸ್ಟೆಲ್ ಇವೆಲ್ಲ ಅವರ ನಿರ್ಣಯಗಳಲ್ಲಿದ್ದವು. ನಮ್ಮನ್ನು ಗೌರವಿಸಿ ಎಂದಷ್ಟೇ ಕೇಳಿ ಸುಮ್ಮನಾಗಲಿಲ್ಲ ಆ ತಾಯಂದಿರು. ಸರ್ಕಾರ ಹಣ ತೆರಬೇಕಾದ, ಮಾಲೀಕ ಬಿಟ್ಟುಕೊಡಬೇಕಾದ ಸಂಗತಿಗಳನ್ನು ಹೆಸರು ಹಿಡಿದು ಕೇಳಿದರು. ಉನ್ನತ ಶಿಕ್ಷಣದ ಸಮತೆಯನ್ನು ಹೇಗೆ ಕೇಳಬೇಕು ಎಂಬುದಕ್ಕೆ ನನಗೆ ತಿಳಿದ ಅತ್ಯುತ್ತಮ ಮಾದರಿ ಆ ನಿರ್ಣಯಗಳೇ. ಅಂಬೇಡ್ಕರರು ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿದ್ದಾಗ ಮಾಡಿದ್ದೂ ಇದೇ ಬಗೆಯ ಕೆಲಸ: 3 ಲಕ್ಷ ರೂಪಾಯಿಯ ವಿದ್ಯಾರ್ಥಿವೇತನವನ್ನು ಸರ್ಕಾರದಿಂದ ಮಂಜೂರು ಮಾಡಿಸಿಕೊಂಡರು. ಇವತ್ತಿನ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಿಂದ ನಡೆದುಬಂದದ್ದು.

ಈಗ ನಮ್ಮ ಕನ್ನಡಿಗರೊಬ್ಬರ ಹೆಸರಿಗೆ ಬರುತ್ತೇನೆ. 1960ರಲ್ಲಿ ಶುರುವಾದ ಈ ಊರಿನ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿಗೆ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರಿದೆ. 2002ರಿಂದ ಅದು ವಿಶ್ವೇಶ್ವರಯ್ಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ. ಆ ದಾರಿಯಲ್ಲಿ ಹೋಗುವ ಯಾವ ಕನ್ನಡಿಗನಿಗೂ ಆ ಫಲಕ ಕಂಡರೆ ಎದೆ ಉಬ್ಬುತ್ತದೆ, ಉಬ್ಬಲಿ. ಆದರೆ ಮೈಸೂರಿನ ಇತಿಹಾಸವನ್ನು ಪೂರ್ತಿ ಹೇಳಬೇಕು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು ಅವರು ದಿವಾನರಾಗಿದ್ದಾಗ, ಅವರ ಛಲದಿಂದ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲನ್ನು ಪರಿಶೀಲಿಸಲು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದಾಗ, ಒಪ್ಪದೆ ದಿವಾನಗಿರಿಯಿಂದ ಹಿಂದೆ ಸರಿದವರೂ ಅವರೇ. ಎಲ್ಲರೂ ಓದಲಿ, ಯೋಗ್ಯತೆ ಬೆಳೆದಂತೆ ನೌಕರಿ ತಾನಾಗಿ ಹಂಚಿಕೆಯಾಗುತ್ತದೆ ಎಂಬುದು ಅವರ ನಂಬಿಕೆ. ಆಗ ಕಾದು ಕೂತಿದ್ದವರ ಕಡೆಯಿಂದ ನೋಡಿದರೆ ಮಹಾರಾಜರ ನಿಲುವೇ ಸರಿ ಎಂದು ನನಗೆ ಅನ್ನಿಸುತ್ತದೆ. ಅವರ ಹೆಸರಿನ ಇದೇ ಸಂಸ್ಥೆಯಲ್ಲಿ ಇವತ್ತು ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ ಶೇ. 7.5, ಹಿಂದುಳಿದವರಿಗೆ ಶೇ. 27 ಸೀಟುಗಳಿವೆ. ಮಿಲ್ಲರ್ ಸಮಿತಿಯ ದಾರಿ ಕಡೆಗೆ ವಿಶ್ವೇಶ್ವರಯ್ಯನವರ ಅಂಗಳಕ್ಕೇ ಬಂದು ಸೇರಿದೆ.

ಮೀಸಲಾತಿಯ ಮಿತಿ ಹುಟ್ಟಿದ್ದೂ ನಮ್ಮಲ್ಲೇ. 1962ರಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳಲ್ಲಿ ಶೇ. 68 ಸೀಟು ಮೀಸಲಿಟ್ಟಾಗ, ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿ, ಸ್ಥೂಲವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು ಎಂದಿತು. ಆ ಚರ್ಚೆ ನಿಮಗೆಲ್ಲ ಗೊತ್ತಿರುವುದೇ. ನನ್ನ ಕಾಳಜಿ ಸೀಟು ಸಿಕ್ಕಿದ ಮರುದಿನದಿಂದ ಶುರುವಾಗುತ್ತದೆ.

ಅದಕ್ಕೂ ಮುನ್ನ, ಈ ಸಭಾಂಗಣದಲ್ಲೇ ಕೆಲವು ಮನೆಗಳನ್ನು ತಟ್ಟಬಹುದಾದ ಒಂದು ವಿಷಯ. ರೈಲ್ವೆ, ಕಲ್ಲಿದ್ದಲು ಕಂಪನಿ, ಅಂಬಾಝರಿಯ ಆಯುಧ ಕಾರ್ಖಾನೆ, ಬ್ಯಾಂಕು ಎಂದು ಕೆಲಸಕ್ಕೆ ಬಂದು ಇಲ್ಲಿ ನೆಲೆಸಿದ ಕನ್ನಡಿಗರಲ್ಲಿ ಪರಿಶಿಷ್ಟ ಜಾತಿಯವರೂ ಇದ್ದಾರೆ. ಕಲಬುರಗಿ ಜಿಲ್ಲೆಯಿಂದ ಬಂದ ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮಗಳು ನಾಗಪುರದಲ್ಲೇ ಹುಟ್ಟಿದವಳು, ಮರಾಠಿ ಓದಿದವಳು. ಅವಳಿಗೆ ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರ ಬೇಕೆಂದರೆ ಮನೆತನ 1950ರ ಆಗಸ್ಟ್ 10ಕ್ಕೆ ಮೊದಲೇ ಈ ರಾಜ್ಯದಲ್ಲಿತ್ತು ಎಂಬ ದಾಖಲೆ ತೋರಿಸಬೇಕು. ಅಜ್ಜ ಬಂದದ್ದು ಆಮೇಲೆ. ಅವರ ಜಾತಿಯ ಹೆಸರು ಕರ್ನಾಟಕದ ಪಟ್ಟಿಯಲ್ಲಿದೆ, ಮಹಾರಾಷ್ಟ್ರದ ಪಟ್ಟಿಯಲ್ಲೂ ಇರಬಹುದು. ಆದರೂ ವಲಸೆ ಬಂದವರು ಮೂಲ ರಾಜ್ಯದ ಸ್ಥಾನಮಾನವನ್ನು ಹೊಸ ರಾಜ್ಯದಲ್ಲಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 1990ರ ಮರ‍್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲೂ 1994ರ ತೀರ್ಪಿನಲ್ಲೂ ಹೇಳಿದೆ. ತಂದೆಯ ಮೂಲ ಪ್ರಮಾಣಪತ್ರದ ಆಧಾರದ ಮೇಲೆ ವಲಸಿಗರಿಗೆ ಕೊಡುವ ಪ್ರಮಾಣಪತ್ರ ಕೇಂದ್ರ ಸಂಸ್ಥೆಗಳಲ್ಲಿ ನಡೆಯುತ್ತದೆ. ಹೀಗಾಗಿ ವಿಶ್ವೇಶ್ವರಯ್ಯ ಸಂಸ್ಥೆಯ ಕಚೇರಿಯಲ್ಲಿ ಅವಳು ಪರಿಶಿಷ್ಟ ಜಾತಿಯವಳು. ಅದೇ ಊರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ರಾಜ್ಯ ಕೋಟಾದಲ್ಲಿ ಅವಳು ಸಾಮಾನ್ಯ ವರ್ಗದವಳು. ಕರ್ನಾಟಕದಲ್ಲಿ ಕೇಳೋಣವೆಂದರೆ ಅಲ್ಲಿ ಏಳು ವರ್ಷ ಓದಿದ ದಾಖಲೆಯಂಥ ಅರ್ಹತಾ ನಿಯಮಗಳು ಎದುರಾಗುತ್ತವೆ. ಕಾನೂನಿಗೆ ಅದರದೇ ಕಾರಣಗಳಿವೆ, ಸ್ಥಳೀಯ ದಲಿತರ ಪಾಲು ಕರಗಬಾರದು ಎಂಬುದು ನ್ಯಾಯವಾದ ಕಾರಣ. ಆದರೆ ಅವಳನ್ನು ಹೀಯಾಳಿಸುವವರು ಮಾತ್ರ 1950ರ ದಾಖಲೆ ಕೇಳುವುದಿಲ್ಲ.

ನಾಗಪುರದ ಬೌದ್ಧರಿಗೆ ಇಂಥ ಅನುಭವ ಹೊಸದಲ್ಲ. 1956ರ ಅಕ್ಟೋಬರ್ 14ರಂದು ದೀಕ್ಷಾಭೂಮಿಯಲ್ಲಿ ಅಂಬೇಡ್ಕರರ ಜೊತೆ ಲಕ್ಷಾಂತರ ಜನ ಬೌದ್ಧರಾದರು. ಕೇಂದ್ರದ ಪಟ್ಟಿಯ ಪ್ರಕಾರ ಅಂದಿನಿಂದ ಅವರು ಪರಿಶಿಷ್ಟ ಜಾತಿಯವರಲ್ಲ. ರಾಜ್ಯ ಸರ್ಕಾರ ತನ್ನ ಮಟ್ಟದಲ್ಲಿ ಸವಲತ್ತು ಕೊಟ್ಟಿತಾದರೂ ಕೇಂದ್ರದ ಆದೇಶಕ್ಕೆ ಬೌದ್ಧರನ್ನೂ ಸೇರಿಸುವ ತಿದ್ದುಪಡಿ ಬಂದದ್ದು 1990ರಲ್ಲಿ. ಮೂವತ್ತನಾಲ್ಕು ವರ್ಷ ಎಂದರೆ ಒಂದು ಪೂರ್ತಿ ತಲೆಮಾರು. ಆ ತಲೆಮಾರು ಅಷ್ಟು ಕಾಲ ಕೈಕಟ್ಟಿ ಕೂರಲಿಲ್ಲ. 1964ರಲ್ಲಿ ದೀಕ್ಷಾಭೂಮಿಯ ಆವರಣದಲ್ಲೇ ಡಾ. ಅಂಬೇಡ್ಕರ್ ಕಾಲೇಜು ಎದ್ದಿತು. ಅಲ್ಲಿ ಓದಿದವರಲ್ಲಿ ಎಷ್ಟೋ ಜನ ತಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು.

ಇನ್ನು ಸೀಟು ಸಿಕ್ಕಿದ ಮರುದಿನ. 2024ರ ಜೂನ್ 24ರ ಸಂಜೆ 5 ಗಂಟೆಯೊಳಗೆ 17,500 ರೂಪಾಯಿ ಕಟ್ಟಲಾಗದೆ, ಉತ್ತರ ಪ್ರದೇಶದ ಮುಜಫ್ಫರನಗರದ ಕೂಲಿಕಾರರೊಬ್ಬರ ಮಗ ಧನಬಾದ್ ಐಐಟಿಯಲ್ಲಿ ಸಿಕ್ಕಿದ್ದ ಸೀಟು ಕಳೆದುಕೊಂಡ. ಹಣ ಹೊಂದಿಸುವಷ್ಟರಲ್ಲಿ ಗಡುವು ಮುಗಿದಿತ್ತು. ಆ ವರ್ಷದ ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟು ತನ್ನ ವಿಶೇಷಾಧಿಕಾರ ಬಳಸಿ ಅವನನ್ನು ಸೇರಿಸಿಕೊಳ್ಳಲು ಹೇಳಿತು. ಹುಡುಗ ಗೆದ್ದ, ಸಂತೋಷ. ಆದರೆ ದೆಹಲಿಯ ತನಕ ಹೋಗದೆ ಊರಿಗೆ ಮರಳಿದವರ ಲೆಕ್ಕ ಯಾವ ಕೋರ್ಟಿನ ದಾಖಲೆಯಲ್ಲೂ ಇಲ್ಲ.

ವಿದ್ಯಾರ್ಥಿವೇತನದ ದಾರಿಯನ್ನೇ ನೋಡಿ. ಮನೆಯ ವಾರ್ಷಿಕ ಆದಾಯ 2.5 ಲಕ್ಷ ಮೀರಬಾರದು, ಅದಕ್ಕೆ ತಹಶೀಲ್ದಾರರ ಪ್ರಮಾಣಪತ್ರ. ಜಾತಿ ಪ್ರಮಾಣಪತ್ರ, ವೃತ್ತಿಪರ ಕೋರ್ಸಾದರೆ ಅದರ ಸಿಂಧುತ್ವ ಪ್ರಮಾಣಪತ್ರ, ಇಲ್ಲಿನವರು ವ್ಯಾಲಿಡಿಟಿ ಎನ್ನುವುದು. ಹಿಂದಿನ ವರ್ಷದ ಅಂಕಪಟ್ಟಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ಎಲ್ಲವನ್ನೂ ರಾಜ್ಯ ಸರ್ಕಾರದ ಮಹಾಡಿಬಿಟಿ ಪೋರ್ಟಲ್‌ಗೆ ಏರಿಸಿದ ಮೇಲೆ ಕಾಲೇಜಿನ ಗುಮಾಸ್ತರ ಒಪ್ಪಿಗೆ, ಆಮೇಲೆ ಸಮಾಜ ಕಲ್ಯಾಣ ಇಲಾಖೆಯ ಒಪ್ಪಿಗೆ. ಅಪ್ಪನ ಹೆಸರಿನ ಒಂದು ಅಕ್ಷರ ಆಧಾರ್‌ನಲ್ಲೊಂದು, ಅಂಕಪಟ್ಟಿಯಲ್ಲೊಂದು ಇದ್ದರೆ ಅರ್ಜಿ ವಾಪಸು. ಹಣ ಬರುವಷ್ಟರಲ್ಲಿ ವರ್ಷ ಮುಗಿದಿರುವುದು ಅಪರೂಪವಲ್ಲ. ಅಷ್ಟರೊಳಗೆ ಹಾಸ್ಟೆಲ್ಲಿನ ಮೆಸ್ ಬಾಕಿ, ಹಾಲ್ ಟಿಕೆಟ್ಟಿಗೆ ತಡೆ, ಸಾಲ. ಹೈದರಾಬಾದ್ ವಿಶ್ವವಿದ್ಯಾಲಯದ ದಲಿತ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ 2016ರ ಜನವರಿ 17ರಂದು ಆತ್ಮಹತ್ಯೆಗೆ ಮುನ್ನ ಬರೆದಿಟ್ಟ ಕಡೆಯ ಪತ್ರದಲ್ಲಿ ತನಗೆ ಬರಬೇಕಾದ ಏಳು ತಿಂಗಳ ಫೆಲೋಶಿಪ್, 1 ಲಕ್ಷ 75 ಸಾವಿರ ರೂಪಾಯಿಯ ಲೆಕ್ಕವಿತ್ತು. ಆ ಪತ್ರದ ನಕ್ಷತ್ರಗಳ ಮಾತನ್ನು ದೇಶವೆಲ್ಲ ಓದಿತು. ನಾನು ಮತ್ತೆ ಮತ್ತೆ ಆ ಬಾಕಿ ಲೆಕ್ಕದ ಸಾಲಿಗೇ ಮರಳುತ್ತೇನೆ.

2023ರ ಡಿಸೆಂಬರ್‌ನಲ್ಲಿ ಶಿಕ್ಷಣ ಸಚಿವಾಲಯ ಲೋಕಸಭೆಗೆ ಕೊಟ್ಟ ಉತ್ತರದ ಪ್ರಕಾರ, ಹಿಂದಿನ ಐದು ವರ್ಷಗಳಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಐಐಟಿ, ಐಐಎಂಗಳನ್ನು ನಡುವೆಯೇ ಬಿಟ್ಟ ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳು 13,626. ಬೇರೆ ಕೋರ್ಸು, ಬೇರೆ ಸಂಸ್ಥೆ ಹಿಡಿದವರೂ ಇದರಲ್ಲಿದ್ದಾರೆ ಎಂಬುದು ಸರ್ಕಾರದ ವಿವರಣೆ, ಇರಬಹುದು. ಆದರೆ ಅವರಲ್ಲಿ ಯಾರು ಯಾಕೆ ಹೋದರು ಎಂದು ಕೇಳಿ ಬರೆದಿಟ್ಟುಕೊಂಡ ಸಂಸ್ಥೆ ಯಾವುದು? ಸೇರಿಸಿಕೊಂಡ ದಿನ ಹತ್ತು ದಾಖಲೆ ಕೇಳುವವರು ಬಿಟ್ಟುಹೋಗುವ ದಿನ ಒಂದು ಪ್ರಶ್ನೆ ಕೇಳಲಾರರೇ?

ಕಲಿಸುವವರ ಕಡೆ ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. 2021-22ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಅಧ್ಯಾಪಕರ ಪೈಕಿ ಪರಿಶಿಷ್ಟ ಜಾತಿಯವರು ಶೇ. 9.1, ಪಂಗಡದವರು ಶೇ. 2.5. ಮೀಸಲು ಹುದ್ದೆಗೆ ಸಂದರ್ಶನ ನಡೆಸಿ ‘ಯಾರೂ ಅರ್ಹರಿಲ್ಲ’ ಎಂದು ಬರೆದು ಹುದ್ದೆ ಖಾಲಿ ಬಿಡುವ ಪದ್ಧತಿಯನ್ನು ಅಭ್ಯರ್ಥಿಗಳೆಲ್ಲ ಬಲ್ಲರು. ತರಗತಿಯಲ್ಲಿ ತನ್ನಂಥ ಒಬ್ಬ ಮೇಷ್ಟ್ರನ್ನೂ ಕಾಣದ ಹುಡುಗಿ ಯಾರ ಕೊಠಡಿಯ ಬಾಗಿಲು ತಟ್ಟಬೇಕು?

ಗೋಂಡ ಆದಿವಾಸಿಗಳ ಗಡಚಿರೋಲಿ ಜಿಲ್ಲೆಯ ಕಡೆಗೂ ಒಮ್ಮೆ ತಿರುಗೋಣ. ನಾಗಪುರವನ್ನು 1702ರಲ್ಲಿ ಕಟ್ಟಿದವನು ಗೋಂಡ ದೊರೆ ಬಖ್ತ್ ಬುಲಂದ್ ಶಾಹ. ಗೋಂಡಿ ನಮ್ಮ ಕನ್ನಡದ ಬಂಧುಭಾಷೆ; ಅದರ ನಿಘಂಟಿನ ಕೆಲಸಕ್ಕೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಕೈಜೋಡಿಸಿತ್ತು. 2011ರಲ್ಲಿ ಗಡಚಿರೋಲಿಯಲ್ಲಿ ಗೊಂಡವಾನ ವಿಶ್ವವಿದ್ಯಾಲಯ ಬರುವ ತನಕ ಭಾಮರಾಗಡದ, ಸಿರೊಂಚಾದ ಮಕ್ಕಳ ಪದವಿಯ ಕಾಗದಪತ್ರವೆಲ್ಲ ನಾಗಪುರದಲ್ಲೇ. ಮನೆಯಲ್ಲಿ ಗೋಂಡಿಯ ಬಗೆಯಾದ ಮಾಡಿಯಾ, ಶಾಲೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್: ಅಲ್ಲಿನ ಹುಡುಗ ಮೂರನೆಯ ಭಾಷೆಯಲ್ಲಿ ರಸಾಯನಶಾಸ್ತ್ರ ಕಲಿಯಬೇಕು. ನಾಗಪುರದ ಹೊರವಲಯದ ವಾರಂಗಾದಲ್ಲಿರುವ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಬೇಕೆಂದರೆ ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅದು ಇಂಗ್ಲಿಷಿನಲ್ಲಿ ಮಾತ್ರ. ಪರಿಶಿಷ್ಟರಿಗೂ ಅರ್ಜಿ ಶುಲ್ಕ 3,500 ರೂಪಾಯಿ. ಸೀಟು ಮೀಸಲಿದ್ದರೂ ಪರೀಕ್ಷಾ ಕೊಠಡಿಯವರೆಗೆ ಬರುವವರನ್ನು ಶುಲ್ಕವೂ ಭಾಷೆಯೂ ಮೊದಲೇ ಆರಿಸಿಬಿಟ್ಟಿರುತ್ತವೆ.

ಅಮೆರಿಕದಲ್ಲಿ ಇಂಥ ಸಮತೆಯ ಘೋಷಣೆಗಳಿಗೆ ಆದ ಗತಿಯನ್ನು ಚಿಕ್ಕದಾಗಿ ಹೇಳುತ್ತೇನೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಕಡೆ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕುವವರು ತಾವು ವೈವಿಧ್ಯಕ್ಕೆ ಏನು ಮಾಡುತ್ತೇವೆ ಎಂದು ಒಂದೆರಡು ಪುಟ ಬರೆಯಬೇಕಿತ್ತು. 2024ರ ಮೇನಲ್ಲಿ ಎಂಐಟಿ ಇದನ್ನು ಕೈಬಿಟ್ಟಿತು, 2025ರಲ್ಲಿ ಕ್ಯಾಲಿಫೋರ್ನಿಯಾವೂ ಬಿಟ್ಟಿತು. ಚೆನ್ನಾಗಿ ಬರೆಯುವುದನ್ನು ಕಲಿತವರು ಚೆನ್ನಾಗಿ ಬರೆದರು. ಬಡವರ ಮಕ್ಕಳ ಶುಲ್ಕ ಅದರಿಂದ ಇಳಿಯಲಿಲ್ಲ. ಅದೇ ದೇಶದಲ್ಲಿ ಬ್ರಾಂಡೈಸ್ ವಿಶ್ವವಿದ್ಯಾಲಯ 2019ರಲ್ಲಿ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2022ರಲ್ಲಿ ತಾರತಮ್ಯ ವಿರೋಧಿ ನಿಯಮಕ್ಕೆ ಜಾತಿಯನ್ನು ಸೇರಿಸಿದವು. ಇದನ್ನು ನಾನು ಹೆಚ್ಚು ಗೌರವಿಸುತ್ತೇನೆ, ಏಕೆಂದರೆ ಅದನ್ನು ಹಿಡಿದು ದೂರು ಕೊಡಬಹುದು. ನಮ್ಮಲ್ಲೂ ಯುಜಿಸಿ 2012ರಲ್ಲೇ ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯ ವಿರೋಧಿ ಅಧಿಕಾರಿಯನ್ನು ನೇಮಿಸಬೇಕು ಎಂದು ನಿಯಮ ಮಾಡಿತು. ಅದನ್ನು ಜಾರಿಗೆ ತನ್ನಿ ಎಂದು ರೋಹಿತನ ತಾಯಿ ರಾಧಿಕಾ ವೇಮುಲ, ಮುಂಬಯಿಯಲ್ಲಿ ತೀರಿಕೊಂಡ ವೈದ್ಯೆ ಪಾಯಲ್ ತಡವಿಯ ತಾಯಿ ಆಬೇದಾ ತಡವಿ 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಮಕ್ಕಳನ್ನು ಕಳೆದುಕೊಂಡ ಇಬ್ಬರು ತಾಯಂದಿರು ಸರ್ಕಾರಕ್ಕೆ ಅದರದೇ ನಿಯಮವನ್ನು ನೆನಪಿಸಿದರು!

ಕಡೆಯದಾಗಿ ದತ್ತಿಗಳ ಬಗ್ಗೆ. ಈ ಊರಿಗೆ ದತ್ತಿಯ ದೊಡ್ಡ ಪರಂಪರೆಯಿದೆ. ಕಾಮಠಿಯ ರಾವ್ ಬಹಾದ್ದೂರ್ ಲಕ್ಷ್ಮೀನಾರಾಯಣ ತಮ್ಮ ಆಸ್ತಿಯನ್ನು ವಿಶ್ವವಿದ್ಯಾಲಯಕ್ಕೆ ಬರೆದಿಟ್ಟದ್ದರಿಂದ 1942ರಲ್ಲಿ ಅವರ ಹೆಸರಿನ ತಂತ್ರಜ್ಞಾನ ಸಂಸ್ಥೆ ಆಯಿತು. ಆದರೆ ನಮ್ಮ ವಿಶ್ವವಿದ್ಯಾಲಯಗಳ ದತ್ತಿಗಳಲ್ಲಿ ಬಹುಪಾಲು ಚಿನ್ನದ ಪದಕಗಳು. ಮೊದಲ ಸ್ಥಾನ ಬಂದವರಿಗೆ, ಓದು ಮುಗಿದ ಮೇಲೆ, ಘಟಿಕೋತ್ಸವದ ದಿನ. ಅಷ್ಟು ದೂರ ಬಂದವಳಿಗೆ ನಮ್ಮ ಹಣದ ತುರ್ತು ಇರುವುದಿಲ್ಲ. ತುರ್ತು ಇರುವುದು ಜೂನ್-ಜುಲೈನಲ್ಲಿ, ಸೀಟು ಸಿಕ್ಕಿ ಶುಲ್ಕಕ್ಕೆ ಎರಡೇ ದಿನ ಉಳಿದಿರುವವರಿಗೆ.

ಆದ್ದರಿಂದ ಈ ದತ್ತಿಯನ್ನು ಇರಿಸಿದ ಕುಟುಂಬದವರಲ್ಲೂ ಇಲ್ಲಿನ ಕನ್ನಡ ಸಂಘದ ಹಿರಿಯರಲ್ಲೂ ನನ್ನ ಬಿನ್ನಹ ಇಷ್ಟು. ಠೇವಣಿಯ ಬಡ್ಡಿಯಲ್ಲಿ ಒಂದು ಪಾಲನ್ನು ಪ್ರವೇಶದ ದಿನಗಳಿಗೆ ಕೈಗಡವಾಗಿ ಇಡಿ. ವಿದ್ಯಾರ್ಥಿವೇತನ ಬಂದಾಗ ಹಿಂದಿರುಗಿಸಲಿ, ಬರದಿದ್ದರೆ ಕೇಳಬೇಡಿ. ಕನ್ನಡದ ಮಕ್ಕಳಿಗಷ್ಟೇ ಎಂದು ಷರತ್ತು ಹಾಕಬೇಡಿ, ಗಡಚಿರೋಲಿಯ ಹುಡುಗನೂ ಬರಲಿ. ನಮ್ಮಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಗಳಿದ್ದಾರೆ, ರೈಲ್ವೆ ಕಚೇರಿಯ ಕಡತ ನೋಡಿದವರಿದ್ದಾರೆ, ಮರಾಠಿ-ಕನ್ನಡ ಎರಡನ್ನೂ ಬಲ್ಲ ಅಕ್ಕಂದಿರಿದ್ದಾರೆ. ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ವಾರದಿಂದ ಇದೇ ಕಟ್ಟಡದಲ್ಲಿ ಸಂಜೆ ಹೊತ್ತು ಒಂದು ಮೇಜು ಹಾಕಿ ಕೂತರೆ ಅರ್ಜಿ ತುಂಬಿಸಬಹುದು, ಹೆಸರಿನ ಕಾಗುಣಿತ ಸರಿಪಡಿಸುವ ಅಫಿಡವಿಟ್ ಬರೆಸಬಹುದು, ಕಲಬುರಗಿಯಿಂದ ಅಜ್ಜನ ಶಾಲಾ ದಾಖಲೆ ತರಿಸಿಕೊಡಬಹುದು. ಸಭೆ ಮುಗಿದ ಮೇಲೆ ಹೆಸರು ಬರೆಸುವವರಿಗಾಗಿ ಬಾಗಿಲ ಬಳಿ ಒಂದು ಪುಸ್ತಕ ಇಡಿಸಿದ್ದೇನೆ.